ಮಕ್ಕಳೇ ಜೋಡಿಸುವ ನಡೆಯುವ ಎತ್ತು: ಆಟಿಕೆ ರೋಬೋಟ್ ವಿನ್ಯಾಸ ಮಾಡುವ ಬಗೆ

ಅಂಗಡಿಯಿಂದ ತಂದ ನಡೆಯುವ ಆಟಿಕೆ ಕೆಟ್ಟು ನಿಂತಿತೆಂದರೆ ಅದರ ಕಥೆ ಮುಗಿದ ಹಾಗೆಯೇ. ಹೊಟ್ಟೆ ಮುಚ್ಚಿರುತ್ತದೆ, ಬಿಚ್ಚಲು ಸ್ಕ್ರೂ ಸಿಕ್ಕರೂ ಒಳಗಿನದನ್ನೆಲ್ಲ ಅಂಟು ಹಾಕಿ ಕೂರಿಸಿರುತ್ತಾರೆ. ಮಗುವಿಗೆ ತಿಳಿಯುವುದು ಇಷ್ಟೇ: ನಿನ್ನೆ ನಡೀತಿತ್ತು, ಇವತ್ತು ನಡೀತಿಲ್ಲ. ಮಕ್ಕಳೇ ಜೋಡಿಸುವ ರೋಬೋಟ್ ವಿನ್ಯಾಸಕ್ಕೆ ಕೂತವರು ಯೋಚನೆ ಶುರು ಮಾಡಬೇಕಾದದ್ದು ಇಲ್ಲಿಂದ. ನಮ್ಮ ಆಟಿಕೆಯೂ ಮೊದಲ ಸಲ ಎಡವುತ್ತದೆ, ವಾಲುತ್ತದೆ, ಒಂದೇ ಕಡೆ ಸುತ್ತು ಹಾಕುತ್ತದೆ. ಎಡವಲಿ. ಯಾಕೆ ಎಡವಿತು ಎಂಬುದು ಹತ್ತು ವರ್ಷದ ಮಗುವಿನ ಕಣ್ಣಿಗೆ ಕಾಣಬೇಕು, ಒಂದು ಸ್ಕ್ರೂಡ್ರೈವರ್ ಹಿಡಿದು ತಾನೇ ಸರಿಮಾಡಲು ಬರಬೇಕು. ಕೆಳಗೆ ಬರುವ ಪ್ರತಿ ಅಳತೆಯನ್ನೂ ಪ್ರತಿ ತೂತನ್ನೂ ಈ ಲೆಕ್ಕ ಇಟ್ಟುಕೊಂಡೇ ಹೇಳಿದ್ದೇನೆ.

ಆಕಾರಕ್ಕೆ ಎತ್ತನ್ನು ಆರಿಸಿಕೊಂಡಿದ್ದೇನೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜೆಗೆ ಇಡುತ್ತಾರೆ. ತಟ್ಟಿ ತೀಡುವ ಕೈ ಬಹಳ ಸಲ ಮಕ್ಕಳದೇ. ಕೋಡು ಎಲ್ಲಿ ಬರಬೇಕು, ಹಿಣಿಲು ಎಷ್ಟು ಎತ್ತರ ಇರಬೇಕು ಎಂದು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಕಾರ ಅವರಿಗೆ ಬಿಟ್ಟು, ಕಾಲಿನ ಕಡೆ ನಾವು ಗಮನ ಕೊಡಬಹುದು.

ವಯಸ್ಸು 10ರಿಂದ 14 ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಸಣ್ಣವರ ಬೆರಳಿಗೆ 3 ಮಿ.ಮೀ. ನಟ್ ಹಿಡಿತಕ್ಕೆ ಸಿಗುವುದಿಲ್ಲ.

ಮೊದಲು ಒಂದೇ ಕಾಲು, ಅದೂ ರಟ್ಟಿನಲ್ಲಿ

ಕಂಪ್ಯೂಟರ್ ಮುಂದೆ ಕೂರುವ ಮುಂಚೆ ದಪ್ಪ ರಟ್ಟು ತನ್ನಿ. ಗದಗಿನಲ್ಲಿ ಇದಕ್ಕೆ ತೊಂದರೆಯೇ ಇಲ್ಲ, ಮುದ್ರಣದ ಊರು. ಬೈಂಡಿಂಗ್ ಮಾಡುವವರಲ್ಲಿ ಕತ್ತರಿಸಿ ಉಳಿದ ಪಟ್ಟಿಗಳು ಸಿಗುತ್ತವೆ. ಒಂದು ಗುಂಡನೆಯ ಗಾಲಿ, ಒಂದು ಉದ್ದ ಪಟ್ಟಿ, ಎರಡು ಗುಂಡುಪಿನ್ನು, ಒಂದು ಪೆನ್ಸಿಲ್ ಸಾಕು.

ಕಾಲು ಕೆಲಸ ಮಾಡುವ ಬಗೆ ಹೀಗಿದೆ. ಗಾಲಿಯ ನಟ್ಟನಡುವಿನಿಂದ ಸ್ವಲ್ಪ ಆಚೆ ಒಂದು ಪಿನ್ನು. ಕಾಲಿನ ಪಟ್ಟಿಯನ್ನು ಅದಕ್ಕೆ ಸಿಕ್ಕಿಸಿರುತ್ತೇವೆ. ಗಾಲಿಯ ನಡುವಿನಿಂದ ನೇರ ಮೇಲೆ ಕದಲದ ಒಂದು ಗೂಟ. ಕಾಲಿನ ಮೇಲ್ತುದಿಯಲ್ಲಿ ಕೊರೆದ ಉದ್ದ ಸೀಳು ಆ ಗೂಟದ ಮೇಲೆ ಜಾರುತ್ತದೆ. ಗಾಲಿ ತಿರುಗಿದಂತೆ ಪಾದ ಮೊಟ್ಟೆಯಾಕಾರದ ದಾರಿ ಹಿಡಿಯುತ್ತದೆ. ಕೆಳಗೆ ಬಂದಾಗ ನೆಲವನ್ನು ಹಿಂದಕ್ಕೆ ದಬ್ಬುತ್ತದೆ, ಮೇಲೆದ್ದಾಗ ಮುಂದಕ್ಕೆ ಹೋಗಿ ಮತ್ತೆ ಇಳಿಯುತ್ತದೆ. ನಡಿಗೆ ಎಂದರೆ ಇಷ್ಟೇ.

ಅಳತೆ: ಗಾಲಿಯ ನಡುವಿನಿಂದ ಪಿನ್ನಿಗೆ 8 ಮಿ.ಮೀ., ಗಾಲಿಯ ನಡುವಿನಿಂದ ಗೂಟಕ್ಕೆ 40 ಮಿ.ಮೀ., ಪಿನ್ನಿನಿಂದ ಪಾದಕ್ಕೆ 60 ಮಿ.ಮೀ. ಪಾದದ ಜಾಗದಲ್ಲಿ ತೂತು ಮಾಡಿ ಪೆನ್ಸಿಲ್ ತುದಿ ಇಡಿ, ಕೆಳಗೆ ಗ್ರಾಫ್ ಹಾಳೆ ಹಾಸಿ, ಗಾಲಿಯನ್ನು ಬೆರಳಿನಿಂದ ನಿಧಾನ ತಿರುಗಿಸಿ. ಸುಮಾರು 40 ಮಿ.ಮೀ. ಅಗಲ, 16 ಮಿ.ಮೀ. ಎತ್ತರದ ಗೆರೆ ಮೂಡುತ್ತದೆ. ಅಗಲವೇ ಹೆಜ್ಜೆಯ ಉದ್ದ, ಎತ್ತರವೇ ಪಾದ ಮೇಲೇಳುವ ಪ್ರಮಾಣ.

ಇದಕ್ಕೆ ಬಾಯಿಲೆಕ್ಕದಲ್ಲಿ ಮುಗಿಯುವ ಸೂತ್ರವಿದೆ. ಪಿನ್ನಿನ ದೂರದ ಎರಡರಷ್ಟು ಪಾದ ಏಳುತ್ತದೆ. ಹೆಜ್ಜೆಯ ಉದ್ದಕ್ಕೆ, ಪಾದದ ದೂರವನ್ನು ಗೂಟದ ಎತ್ತರದಿಂದ ಭಾಗಿಸಿ, ಒಂದು ಕೂಡಿಸಿ, ಪಿನ್ನಿನ ದೂರದ ಎರಡರಷ್ಟರಿಂದ ಗುಣಿಸಿ. 60 ಭಾಗ 40 ಅಂದರೆ ಒಂದೂವರೆ, ಕೂಡಿಸಿದರೆ ಎರಡೂವರೆ, ಗುಣಿಸು 16, ಉತ್ತರ 40. ಪಿನ್ನನ್ನು 6 ಮಿ.ಮೀ.ಗೆ ಹಾಕಿದರೆ ಹೆಜ್ಜೆ 30, 10ಕ್ಕೆ ಹಾಕಿದರೆ 50. ಗ್ರಾಫ್ ಹಾಳೆಯ ಚೌಕ ಎಣಿಸಿದರೆ ತಾಳೆಯಾಗುತ್ತದೆ. ಈ ಕೆಲಸ ಮಾಡಿಸುವಾಗ ಒಬ್ಬ ಹುಡುಗಿ ಗೆರೆಯನ್ನೇ ನೋಡುತ್ತ ಕೂತು, "ಗೂಟ ಕೆಳಗ ಸರಿಸಿದ್ರ ಹೆಜ್ಜಿ ದೊಡ್ಡದಾಗ್ತದೇನ್ರಿ ಸರ?" ಎಂದು ಕೇಳಿದಳು. ಸರಿಸಿ ನೋಡು ಅಂದೆ. ಗೂಟವನ್ನು 30 ಮಿ.ಮೀ.ಗೆ ಚುಚ್ಚಿ, ಸೀಳನ್ನು ಕತ್ತರಿಯಲ್ಲಿ ಕೆಳಗೆ ಬೆಳೆಸಿ, ಮತ್ತೆ ತಿರುಗಿಸಿದಳು. ಹಳೆಯ ಗೆರೆಯ ಆಚೀಚೆ ಹೊಸ ಗೆರೆ ದಾಟಿ ಬಂತು. ಸೂತ್ರವೂ 48 ಎಂದೇ ಹೇಳುತ್ತದೆ. ಆಟಿಕೆ ಇನ್ನೂ ಹುಟ್ಟಿಯೇ ಇಲ್ಲ, ಆಗಲೇ ಮಗು ವಿನ್ಯಾಸ ಮಾಡುತ್ತಿದೆ. ರಟ್ಟಿನ ಈ ಹಂತವನ್ನು ಯಾರೂ ಹಾರಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೀಳಿನ ಉದ್ದಕ್ಕೆ ಲೆಕ್ಕ: ಅತಿ ದೂರದ ಪಿನ್ನಿನ ಎರಡರಷ್ಟು, ಅದಕ್ಕೆ ಗೂಟದ ದಪ್ಪ, ಅದರ ಮೇಲೆ 4 ಮಿ.ಮೀ. ಸಡಿಲ. ನಮ್ಮ ಎತ್ತಿಗೆ 28 ಮಿ.ಮೀ. ಬರುತ್ತದೆ. ಸೀಳಿನ ನಡುಭಾಗ ಪಿನ್ನಿನ ತೂತಿನಿಂದ 40 ಮಿ.ಮೀ. ಮೇಲಿರಲಿ.

ನಾಲ್ಕು ಕಾಲು, ಒಂದು ಮೋಟಾರ್

ನಾಲ್ಕು ಕಾಲನ್ನು ಕೂಡಿಸುವುದು ಹೇಗೆ? ಮುಂದೊಂದು ಹಿಂದೊಂದು ಮೋಟಾರ್ ಹಾಕಿದರಾಯಿತು ಎಂದು ಮೊದಲು ಹೊಳೆಯುತ್ತದೆ. ಒಂದೇ ಡಬ್ಬಿಯಿಂದ ತೆಗೆದ ಎರಡು ಮೋಟಾರ್‌ಗಳು ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ನಾಲ್ಕು ಹೆಜ್ಜೆಗೆ ತಾಳ ತಪ್ಪಿ ಎತ್ತು ಮುಗ್ಗರಿಸುತ್ತದೆ, ಕಾರಣ ಮಗುವಿಗೆ ಕಾಣುವುದೂ ಇಲ್ಲ. ಹಲ್ಲಿನ ಗಿಯರ್ ಬಳಸಿದರೆ ತಾಳ ತಪ್ಪಲು ಜಾಗವೇ ಇರುವುದಿಲ್ಲ.

ಎತ್ತಿನ ಎಡಕ್ಕೊಂದು ಬಲಕ್ಕೊಂದು ಹಲಗೆ; ಪ್ರತಿ ಹಲಗೆಯ ಹೊರಮೈಗೆ ಒಂದೇ ಅಳತೆಯ ಮೂರು ಗಿಯರ್ ಸಾಲಾಗಿ ಇಡಿ. ನಡುವಿನದನ್ನು ಮೋಟಾರ್ ತಿರುಗಿಸುತ್ತದೆ, ಅದು ಅಕ್ಕಪಕ್ಕದ ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆ ಕೊನೆಯ ಗಿಯರ್‌ಗಳೇ ನಾವು ರಟ್ಟಿನಲ್ಲಿ ಮಾಡಿದ ಗಾಲಿ. ಪ್ರತಿ ಗಿಯರ್‌ಗೆ 20 ಹಲ್ಲು, ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳುವ ಅಳತೆ) 2. ಅಂದರೆ ಕಚ್ಚುವ ವೃತ್ತದ ಅಗಲ 40 ಮಿ.ಮೀ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಗಿಯರ್ ಬಿಡಿಸುವ ಸೌಲಭ್ಯವಿದೆ. ಅದು ಮಾಡ್ಯೂಲ್ ಕೇಳುವುದಿಲ್ಲ, ಸರ್ಕ್ಯುಲರ್ ಪಿಚ್ (ಕಚ್ಚುವ ವೃತ್ತದ ಮೇಲೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ) ಕೇಳುತ್ತದೆ, ಅಲ್ಲಿ 6.28 ಮಿ.ಮೀ. ಎಂದು ಹಾಕಿ. ಎರಡು ಗಿಯರ್‌ಗಳ ನಡುವಿನ ದೂರ 40.2 ಇಟ್ಟರೆ ಹಲ್ಲು ಬಿಗಿಯಾಗುವುದಿಲ್ಲ. ಹಲ್ಲಿನ ಸಂಖ್ಯೆ ಸಮಸಂಖ್ಯೆಯೇ ಇರಲಿ, ಅಂದರೇ ಮುಂದಿನ ಹಿಂದಿನ ಕಾಲುಗಳನ್ನು ಸರಿಯಾಗಿ ಅರ್ಧ ಸುತ್ತು ಹಿಂದುಮುಂದು ಮಾಡಿ ಕೂರಿಸಲು ಬರುತ್ತದೆ.

ಈ ಅರ್ಧ ಸುತ್ತೇ ಇಡೀ ಆಟಿಕೆಯ ಜೀವ. ಬಂಡಿಯ ಎತ್ತು ಓಟಕ್ಕೆ ಬಿದ್ದಾಗ ಮುಂದಿನ ಎಡಗಾಲು ಹಿಂದಿನ ಬಲಗಾಲು ಒಟ್ಟಿಗೆ ಏಳುತ್ತವೆ, ಉಳಿದೆರಡು ನೆಲದ ಮೇಲಿರುತ್ತವೆ. ನಮ್ಮದಕ್ಕೂ ಅದೇ ಕ್ರಮ. ಪ್ರತಿ ಕೊನೆಯ ಗಿಯರ್ ಮೇಲೂ ಪಿನ್ನಿನ ನೇರಕ್ಕೆ ಒಂದು ಕೆಂಪು ಚುಕ್ಕೆ ಕೆತ್ತಿಸಿ. ಎಡಪಕ್ಕದಲ್ಲಿ ಮುಂದಿನ ಚುಕ್ಕೆ ಕೆಳಗೆ, ಹಿಂದಿನದು ಮೇಲೆ, ಬಲಪಕ್ಕದಲ್ಲಿ ಅದಲುಬದಲು. ಎತ್ತು ಕುಂಟಿದರೆ ಮಗು ಮೊದಲು ನೋಡಬೇಕಾದದ್ದು ಈ ಚುಕ್ಕೆಗಳನ್ನು, ಆದ್ದರಿಂದ ಗಿಯರ್ ಹೊರಗೇ ಕಾಣುತ್ತಿರಲಿ. ಮೇಲೆ ಚಂದದ ಹೊದಿಕೆ ಹಾಕುವ ಆಸೆ ಬರುತ್ತದೆ, ಬಿಟ್ಟುಬಿಡಿ. ಝೂಲ ಹೊದಿಸಬೇಕೆಂದರೆ ಬೆನ್ನಿಗಷ್ಟೇ ಸಾಕು.

ನೆದರ್ಲೆಂಡ್ಸ್‌ನ ಥಿಯೋ ಯಾನ್ಸೆನ್ ಸಮುದ್ರದಂಡೆಯಲ್ಲಿ ಗಾಳಿಗೆ ನಡೆಸುವ ಪ್ರಾಣಿಗಳ ಕಾಲನ್ನು ನೋಡಿದವರು ಅದನ್ನೇ ಮಾಡೋಣ ಎನ್ನುತ್ತಾರೆ. ಅದು ಬಲು ನಯವಾದ ನಡಿಗೆ, ಮೈ ಕುಣಿಯುವುದೇ ಇಲ್ಲ. ಆದರೆ ಒಂದೊಂದು ಕಾಲಿಗೂ ಹಲವಾರು ಕೀಲು. ಪ್ರತಿ ಕೀಲಿನ ಸಡಿಲ ಮುಂದಿನದಕ್ಕೆ ಕೂಡುತ್ತ ಹೋಗಿ, ಮಕ್ಕಳ ಕೈಯ ಜೋಡಣೆಯಲ್ಲಿ ಕಾಲು ತೂರಾಡುತ್ತದೆ. ಅದು ಎರಡನೆಯ ಆಟಿಕೆಯಾಗಲಿ.

ಮೋಟಾರ್, ಸೆಲ್

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಓ ಮೋಟಾರ್ ಎಂದು ಕೇಳಿ, ಹಳದಿ ಪ್ಲಾಸ್ಟಿಕ್‌ನದು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಒಯ್ಯುವುದು ಇದನ್ನೇ. ಎರಡೂ ಕಡೆ ಶಾಫ್ಟ್ ಇರುವುದೇ ಬೇಕು, ವೇಗ ನಿಮಿಷಕ್ಕೆ 60 ಸುತ್ತಿನದು. 150, 200ರದು ತಂದರೆ ಎತ್ತು ನಡೆಯುವುದಿಲ್ಲ, ಜಿಗಿಯುತ್ತದೆ. ಒಂದು ಸುತ್ತಿಗೆ ಎರಡು ಹೆಜ್ಜೆ, ಹೆಜ್ಜೆಗೆ 40 ಮಿ.ಮೀ., ಅಂದರೆ 60 ಸುತ್ತಿಗೆ ಸುಮಾರು 4.8 ಮೀಟರ್; ಜಾರಿದ್ದು ಕಳೆದರೂ ಪಡಸಾಲೆ ದಾಟಲು ಸಾಕು. ವೇಗ ತೀರಾ ಕಡಿಮೆಯಾದರೂ ಕಷ್ಟ: ಯಾವ ಗಳಿಗೆಯಲ್ಲೂ ಎತ್ತು ಎರಡೇ ಕಾಲ ಮೇಲೆ ನಿಂತಿರುತ್ತದೆ, ವಾಲಿ ಬೀಳುವ ಮುಂಚೆ ಇನ್ನೊಂದು ಜೋಡಿ ನೆಲ ಮುಟ್ಟಬೇಕು.

ಮೋಟಾರನ್ನು ಅಡ್ಡ ಮಲಗಿಸಿದರೆ ಹಿಂದಿನ ಗಿಯರಿನ ಬೋಲ್ಟಿಗೆ ತಾಗುತ್ತದೆ, ನೆಟ್ಟಗೆ ನಿಲ್ಲಿಸಿ. ಸೆಲ್ ಡಬ್ಬಿ ಹೊಟ್ಟೆಯ ಕೆಳಗೆ ಬರಲಿ, ಭಾರ ತಳದಲ್ಲಿದ್ದಷ್ಟೂ ಎತ್ತು ಸ್ಥಿರ. ಎಎ ಅಳತೆಯ ಎರಡು ಸೆಲ್, 3 ವೋಲ್ಟ್, ಮೊದಲಿಗೆ ಸಾಕು; ಎಳೆಯದಿದ್ದರೆ ನಾಲ್ಕು ಸೆಲ್ ಹಾಕಿ 6 ವೋಲ್ಟ್ ಮಾಡಿ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಬೇಡ, ಮೋಟಾರಿಗೆ ಬೇಕಾದಷ್ಟು ಕರೆಂಟ್ ಅದು ಕೊಡಲಾರದು. ಬಿಡಿ ಲಿಥಿಯಂ ಸೆಲ್ ಮಕ್ಕಳ ಕೈಗೆ ಕೊಡಲೇಬಾರದು. ತುದಿಗಳು ತಾಗಿದರೆ ಬೆಂಕಿಯ ಅಪಾಯ. ಗುಂಡಿ ಸೆಲ್ಲಂತೂ ನುಂಗಿದರೆ ಗಂಟಲೊಳಗೆ ಸುಡುತ್ತದೆ, ಮನೆಯಲ್ಲಿ ಕೂಸು ಇದ್ದರೆ ಅದರ ಹೆಸರೂ ಎತ್ತಬೇಡಿ.

ಕತ್ತರಿಸುವುದು, ಕೂಡಿಸುವುದು

3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ, ಲೇಸರ್ ಕಟಿಂಗ್. ನಾಮಫಲಕ, ಟ್ರೋಫಿ, ಮದುವೆ ಉಡುಗೊರೆ ಮಾಡುವ ಅಂಗಡಿಗಳಲ್ಲಿ ಈ ಯಂತ್ರ ಇರುತ್ತದೆ. ಫೈಲಿನ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಉದ್ದದ ಗೆರೆ ಹಾಕಿ ಕೊಡಿ. ಅವರ ಕಂಪ್ಯೂಟರಿನಲ್ಲಿ ಅದು 100 ಎಂದೇ ತೋರಿಸಿದರೆ ಅಳತೆ ಸರಿಯಿದೆ, ಇಲ್ಲದಿದ್ದರೆ ಕತ್ತರಿಸುವ ಮುಂಚೆಯೇ ಗೊತ್ತಾಗುತ್ತದೆ. ಲೇಸರ್ ಗೆರೆಗೂ ದಪ್ಪವಿದೆ, 0.1ರಿಂದ 0.2 ಮಿ.ಮೀ. ಸುಟ್ಟು ಹೋಗುತ್ತದೆ, ಅಷ್ಟರ ಮಟ್ಟಿಗೆ ತೂತು ದೊಡ್ಡದಾಗುತ್ತದೆ, ಹಲ್ಲು ಸಣ್ಣದಾಗುತ್ತದೆ. ಮೊದಲು ಒಂದು ಸಣ್ಣ ತುಂಡಿನಲ್ಲಿ 2.8, 2.9, 3.0, 3.1 ಮಿ.ಮೀ. ತೂತು ಮಾಡಿಸಿ, ಬೋಲ್ಟ್ ಹಾಕಿ ನೋಡಿ. ಮೋಟಾರ್ ಶಾಫ್ಟಿನ ತೂತಿಗೂ ಇದೇ ಪರೀಕ್ಷೆ ಬೇಕು. ಶಾಫ್ಟ್ ಎರಡು ಕಡೆ ಚಪ್ಪಟೆ, ಅಗಲ ಸುಮಾರು 5.4, ಚಪ್ಪಟೆಗಳ ನಡುವೆ ಸುಮಾರು 3.7 ಮಿ.ಮೀ.; ಇದು ಬಿಗಿಯಾಗಿ ಕೂರದಿದ್ದರೆ ಮೋಟಾರ್ ತಿರುಗುತ್ತದೆ, ಗಿಯರ್ ತಿರುಗುವುದಿಲ್ಲ.

ಗಿಯರ್‌ಗಳನ್ನು ಎರಡು ಪದರ ಮಾಡಿ ಫೆವಿಕಾಲ್ ಹಚ್ಚಿ ಅಂಟಿಸಿ. ಹಲ್ಲು ಗಟ್ಟಿಯಾಗುವುದರ ಜೊತೆ ಇನ್ನೊಂದು ಲಾಭವಿದೆ. ಹೊರಪದರದಲ್ಲಿ ಪಿನ್ನಿಗೆ 3 ಮಿ.ಮೀ. ತೂತು, ಒಳಪದರದಲ್ಲಿ ಅದೇ ಜಾಗಕ್ಕೆ 6.5 ಮಿ.ಮೀ. ತೂತು ಇಟ್ಟರೆ ಬೋಲ್ಟಿನ ತಲೆ ಒಳಗೆ ಮುಳುಗಿ ಕೂರುತ್ತದೆ, ಪಕ್ಕದ ಹಲಗೆಗೆ ಉಜ್ಜುವುದಿಲ್ಲ. ಪಿನ್ನಿನ ತೂತು ಒಂದೇ ಅಲ್ಲ, ಮೂರು ಇರಲಿ: 6, 8, 10 ಮಿ.ಮೀ. ದೂರಕ್ಕೆ, ಬೇರೆ ಬೇರೆ ದಿಕ್ಕಿನಲ್ಲಿ. ಆಗ ಚುಕ್ಕೆಯೂ ಮೂರಾಗುತ್ತದೆ. ಬಣ್ಣ ಬೇರೆ ಮಾಡಿ, ಒಂದು ಗಿಯರಿನಲ್ಲಿ ಇದ್ದಂತೆಯೇ ಎಲ್ಲದರಲ್ಲೂ ಇರಲಿ. ಹೆಜ್ಜೆ ಎಷ್ಟು ಬೇಕೆಂಬ ನಿರ್ಧಾರ ಮಗುವಿನದು. 10ಕ್ಕೆ ಹಾಕಿದರೆ ದೊಡ್ಡ ಹೆಜ್ಜೆ, ಆದರೆ ಪ್ರತಿ ಹೆಜ್ಜೆಗೂ ಮೈ ಸುಮಾರು 12 ಮಿ.ಮೀ. ಏರಿ ಇಳಿಯುತ್ತದೆ. 6ಕ್ಕೆ ಹಾಕಿದರೆ ಕುಣಿತ 7ಕ್ಕೆ ಇಳಿಯುತ್ತದೆ, ನಡಿಗೆ ಗಂಭೀರ. ಎಡಕ್ಕೆ 6, ಬಲಕ್ಕೆ 10 ಹಾಕಿದರೆ ಎತ್ತು ಎಡಕ್ಕೆ ಹೊರಳುತ್ತದೆ. ಇದನ್ನು ಕಾಗದದಲ್ಲಿ ಬರೆದು ಕೊಡಬೇಡಿ, ಮಕ್ಕಳೇ ಕಂಡುಹಿಡಿಯಲಿ.

ಬೋಲ್ಟ್ ಎಲ್ಲವೂ ಎಂ3, ಅಂದರೆ 3 ಮಿ.ಮೀ. ದಪ್ಪದವು. ಉದ್ದ ಎರಡೇ ಬಗೆ: ಗಿಯರಿನ ಅಚ್ಚಿಗೂ ಪಿನ್ನಿಗೂ 16 ಮಿ.ಮೀ.; ಮೋಟಾರಿಗೂ ಮೇಲಿನ ಗೂಟಕ್ಕೂ 30 ಮಿ.ಮೀ. ಮೂರನೆಯ ಅಳತೆ ಬಂದ ಕೂಡಲೇ ಮಕ್ಕಳು ಒಂದರ ಜಾಗಕ್ಕೆ ಇನ್ನೊಂದು ಹಾಕುತ್ತಾರೆ. ತಿರುಗುವ ಜಾಗಕ್ಕೆಲ್ಲ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲವಾಗದ್ದು): ನಿಲ್ಲುವ ತನಕ ಬಿಗಿದು, ಕಾಲು ಸುತ್ತು ಸಡಿಲಿಸಬೇಕು. ಅಚ್ಚಿನ ಬೋಲ್ಟಿಗೆ ತಲೆ ಹೊರಗೆ, ನಟ್ ಒಳಗೆ. ಕಾಲಿನ ಪಟ್ಟಿ ಆ ತಲೆಯ ಮೇಲೆಯೇ ಹಾದುಹೋಗುವುದರಿಂದ ಪಿನ್ನಿನ ಮೇಲೆ ಮೊದಲು ಒಂದು ಸಾದಾ ನಟ್ ಬಿಗಿದು, ಅದರ ಮೇಲೆ ಎರಡು ವಾಷರ್ ಹಾಕಿ, ಆಮೇಲೆ ಕಾಲು ಸಿಕ್ಕಿಸಿ. ಗೂಟದ ಬೋಲ್ಟಿನ ತಿರುಪಿನ ಚೂಪು ಗೆರೆ ಸೀಳನ್ನು ಗರಗಸದಂತೆ ಕೊರೆಯುತ್ತದೆ. ಅದರ ಮೇಲೆ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಗಟೆ ಏರಿಸಿ. ತೊಗಟೆ ಸೇರಿ ದಪ್ಪ 4 ಮಿ.ಮೀ. ಆಗುವುದರಿಂದ ಸೀಳಿನ ಅಗಲ 4.5 ಇರಲಿ.

ಧಾರವಾಡದ ಮಳೆಗಾಲಕ್ಕೆ ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಸೀಳು ಆಷಾಢದಲ್ಲಿ ಕಚ್ಚಿಕೊಳ್ಳುತ್ತದೆ. ಅಂಚಿಗೆಲ್ಲ ಒಂದು ಕೈ ವಾರ್ನಿಶ್ ಹಚ್ಚಿ ಒಣಗಿಸಿ, ಸೀಳಿನ ಒಳಗೋಡೆಗೆ ಮೇಣದ ಬತ್ತಿ ತಿಕ್ಕಿ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಎಣ್ಣೆಯನ್ನು ಹಲಗೆ ಹೀರುತ್ತದೆ, ಧೂಳೂ ಮೆತ್ತುತ್ತದೆ.

ಪಾದ, ನೆಲ

ಮೋಟಾರಿನ ಅಗಲಕ್ಕೆ ತಕ್ಕಂತೆ ಎರಡು ಪಕ್ಕದ ಹಲಗೆಗಳ ನಡುವೆ 19 ಮಿ.ಮೀ. ಅಷ್ಟೇ ಜಾಗ, ಆದ್ದರಿಂದ ಎತ್ತು ಕಿರಿದು. ಪಾದ ಅಗಲ ಇರಲೇಬೇಕು: ಹೊರಕ್ಕೆ 30 ಮಿ.ಮೀ. ಚಾಚಿರಲಿ. ಕಾಲು ಓರೆಯಾಗುತ್ತಲೇ ಇರುವುದರಿಂದ ಪಾದದ ತಳ ದುಂಡಗೆ ಬೇಕು. ಸವೆದ ಹವಾಯಿ ಚಪ್ಪಲಿಯ ರಬ್ಬರು ಇದಕ್ಕೆ ಹೇಳಿ ಮಾಡಿಸಿದ ಸಾಮಾನು.

ನಿಮ್ಮ ಮನೆಯ ಒಂದೇ ನೆಲದ ಮೇಲೆ ನಡೆಸಿ ನೋಡಿ ಮುಗಿಯಿತು ಎನ್ನಬೇಡಿ. ಹಳೆಯ ಮನೆಯ ಶಹಾಬಾದ್ ಕಲ್ಲಿನ ಮೇಲೆ ರಬ್ಬರು ಚೆನ್ನಾಗಿ ಹಿಡಿಯುತ್ತದೆ, ಸಂದಿಯಲ್ಲಿ ಮಾತ್ರ ಪಾದ ಸಿಕ್ಕಿಕೊಳ್ಳುತ್ತದೆ. ಹೊಳೆಯುವ ಟೈಲ್ಸ್ ಮೇಲೆ ಧೂಳಿದ್ದರೆ ನಿಂತಲ್ಲೇ ಕಾಲು ಬಡಿಯುತ್ತದೆ; ಪಾದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊರಡುತ್ತದೆ. ನವಲಗುಂದದ ಜಮಖಾನದ ಮೇಲೆ 6ರ ಪಿನ್ನು ಹಾಕಿ ಬಿಟ್ಟು ನೋಡಿ, ಆಮೇಲೆ 10ರದು. ಪಾದ ಎಷ್ಟು ಎತ್ತರ ಏಳಬೇಕು ಎಂಬುದು ಅಲ್ಲಿ ಮಾತಿಲ್ಲದೆ ತಿಳಿಯುತ್ತದೆ.

ಜೋಡಣೆಯ ಕಾಗದ

ಮಕ್ಕಳಿಗೆ ಕೊಡುವ ಕಾಗದದಲ್ಲಿ ಮಾತು ಕಡಿಮೆ, ಚಿತ್ರ ಹೆಚ್ಚು. ಬೋಲ್ಟ್‌ಗಳ ಚಿತ್ರವನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿ. ಕೈಯಲ್ಲಿರುವುದನ್ನು ಚಿತ್ರದ ಮೇಲೆ ಇಟ್ಟರೆ ಯಾವುದೆಂದು ಗೊತ್ತಾಗಬೇಕು. ಎಡ ಬಲ ಹಲಗೆಗಳ ಮೇಲೆ ಅಕ್ಷರ ಕೆತ್ತಿಸಿ. ನಡುನಡುವೆ ತಡೆದು ಪರೀಕ್ಷಿಸುವ ಜಾಗ ಇಡಿ. ಮುಖ್ಯವಾದ ತಡೆ ಒಂದು: ನಡುವಿನ ಗಿಯರನ್ನು ಮೋಟಾರ್ ಶಾಫ್ಟಿಗೆ ಒತ್ತುವ ಮುಂಚೆ, ಎಲ್ಲ ಕಾಲು ಹಾಕಿ, ಗಿಯರನ್ನು ಬೆರಳಿನಿಂದ ಒಂದು ಪೂರ್ತಿ ಸುತ್ತು ತಿರುಗಿಸುವುದು. ಎಲ್ಲಾದರೂ ಹಿಡಿದರೆ ಬೆರಳಿಗೆ ಗೊತ್ತಾಗುತ್ತದೆ. ಮೋಟಾರ್ ಹಾಕಿದ ಮೇಲೆ ಬೆರಳಿಗೆ ಆ ಸುಳಿವು ಸಿಗುವುದಿಲ್ಲ.

ಕಾಗದದ ಹಿಂಬದಿಗೆ ಎತ್ತು ಮುನಿದರೆ ಏನು ನೋಡಬೇಕು ಎಂದು ಬರೆಯಿರಿ. ಕುಂಟಿದರೆ ಚುಕ್ಕೆ ನೋಡು. ಹಿಂದಕ್ಕೆ ನಡೆದರೆ ಎರಡು ವೈರ್ ಅದಲುಬದಲು ಮಾಡು. ಕೈಯಲ್ಲಿ ಎತ್ತಿ ಹಿಡಿದಾಗ ಕಾಲಾಡಿಸಿ, ನೆಲಕ್ಕಿಟ್ಟಾಗ ನಿಂತರೆ ಸೆಲ್ ಸೋತಿದೆ, ಇಲ್ಲವೇ ಯಾವುದೋ ನಟ್ ಬಿಗಿಯಾಗಿದೆ. ಮೋಟಾರ್ ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ತಕ್ಷಣ ಸ್ವಿಚ್ ಆರಿಸು, ಅದು ಬಿಸಿಯಾಗುತ್ತದೆ. ಉತ್ತರ ಅಷ್ಟಕ್ಕೇ ನಿಲ್ಲಲಿ, ಉಳಿದದ್ದು ಮಗು ಹುಡುಕಲಿ.

ಸುರಕ್ಷತೆ, ಮಾರಾಟ

ಗಿಯರ್ ಕಚ್ಚುವ ಜಾಗಕ್ಕೆ ಓಎಚ್‌ಪಿ ಹಾಳೆಯಂಥ ಪಾರದರ್ಶಕ ತುಂಡು ಅಡ್ಡ ಕಟ್ಟಿ: ಒಳಗಿನದು ಕಾಣಬೇಕು, ಬೆರಳು ಹೋಗಬಾರದು. ಅಲುಗಾಡುವ ಭಾಗಗಳ ಸಂದಿ 5 ಮಿ.ಮೀ.ಗಿಂತ ಕಡಿಮೆ ಇರಲಿ, ಇಲ್ಲವೇ ಬೆರಳು ಸಲೀಸಾಗಿ ಹೊರಬರುವಂತೆ 12ಕ್ಕಿಂತ ಹೆಚ್ಚಿರಲಿ. ಕೋಡಿನ ತುದಿ ದುಂಡಗೆ ಮಾಡಿ, ಗೊಂಡೆ ಕಟ್ಟಿದರೆ ಇನ್ನೂ ಚೆಂದ. ಸೆಲ್ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಬೇಕೇ ಬೇಕು. ನಟ್, ವಾಷರ್ ಮೂರು ವರ್ಷದೊಳಗಿನ ತಮ್ಮ ತಂಗಿಯರ ಬಾಯಿಗೆ ಹೋಗದಂತೆ ಮುಚ್ಚಳದ ಡಬ್ಬಿಯಲ್ಲೇ ಕೊಡಿ. ಎಂಡಿಎಫ್ ಉಜ್ಜುವ ಕೆಲಸ ಬಯಲಲ್ಲಿ, ಮಾಸ್ಕ್ ಹಾಕಿ, ದೊಡ್ಡವರೇ ಮಾಡಬೇಕು.

ಮನೆ ಮಕ್ಕಳಿಗೆ, ಶಾಲೆಯ ವಿಜ್ಞಾನ ಕೂಟಕ್ಕೆ ಮಾಡಿದರೆ ಇಷ್ಟು ಸಾಕು. ಪೊಟ್ಟಣ ಕಟ್ಟಿ ಮಾರಲು ಹೊರಟರೆ ಕಾನೂನು ಬೇರೆ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಗಿ ಮತ್ತು ಐಎಸ್‌ಐ ಗುರುತು ಬೇಕು. ಸಾಮಾನ್ಯ ಸುರಕ್ಷತೆಗೆ ಐಎಸ್ 9873, ಸೆಲ್‌ನಲ್ಲಿ ನಡೆಯುವಂಥದ್ದಕ್ಕೆ ಐಎಸ್ 15644. ಅಳತೆಗಳನ್ನು ಅಂತಿಮ ಮಾಡುವ ಮುಂಚೆಯೇ ಈ ಮಾನಕಗಳನ್ನು ತರಿಸಿ ಓದಿಕೊಳ್ಳಿ, ಕತ್ತರಿಸಿದ ಮೇಲೆ ತೂತು ಬದಲಿಸುವುದು ದುಬಾರಿ. ಪೊಟ್ಟಣಕ್ಕೆ ನಟ್, ವಾಷರ್, ಹೀಟ್ ಶ್ರಿಂಕ್ ತುಂಡು ಲೆಕ್ಕಕ್ಕಿಂತ ನಾಲ್ಕು ಹೆಚ್ಚೇ ಹಾಕಿ, ಒಂದು ಕಾಲಿನ ಪಟ್ಟಿಯನ್ನೂ ಸೇರಿಸಿ. ಅದರಲ್ಲಿ ಪಿನ್ನಿನ ತೂತೂ ಬೇಡ, ಸೀಳೂ ಬೇಡ. ಎಲ್ಲಿ ಕೊರೆಯಬೇಕೆಂದು ಮಗುವೇ ಗ್ರಾಫ್ ಹಾಳೆಯ ಮೇಲೆ ಲೆಕ್ಕ ಹಾಕಲಿ.